58 ಮಕ್ಕಳ ತರಗತಿಯಲ್ಲಿ ಗದ್ದಲ ಎಲ್ಲಿಂದ ಏಳುತ್ತದೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಕಳೆದ ವರ್ಷ ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಬಂದೆ. ನನ್ನ ಆರನೆಯ ತರಗತಿಯಲ್ಲಿ 58 ಮಕ್ಕಳಿದ್ದಾರೆ. ಹೆಚ್ಚಿನವರದು ಕೂಲಿ ಮಾಡುವ ಮನೆ. ಅನೇಕ ಕುಟುಂಬಗಳು ಬೆಂಗಳೂರು, ಪುಣೆಗೆ ಗುಳೆ ಹೋಗುತ್ತವೆ. ಹತ್ತು ನಿಮಿಷ ಪಾಠ ಮಾಡಿದರೆ ಇಪ್ಪತ್ತು ನಿಮಿಷ ಗದ್ದಲ ನಿಲ್ಲಿಸುವುದರಲ್ಲೇ ಹೋಗುತ್ತದೆ. ನಾಲ್ಕೈದು ಹುಡುಗರು ಬೇಕೆಂದೇ ಜಗಳ ತೆಗೆಯುತ್ತಾರೆ. ಅವರಲ್ಲಿ ಒಬ್ಬನಂತೂ ಪಕ್ಕದವರನ್ನು ಹೊಡೆಯುತ್ತಾನೆ, ಇಲ್ಲವೇ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಾನೆ. ‘ದಂಡಂ ದಶಗುಣಂ, ಕೈಯಲ್ಲಿ ಕೋಲಿಲ್ಲದಿದ್ದರೆ ಈ ಮಕ್ಕಳು ಬಗ್ಗುವುದಿಲ್ಲ’ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಪೋಷಕರೂ ‘ನಾಲ್ಕು ಬಾರಿಸಿ ಬುದ್ಧಿ ಕಲಿಸಿ’ ಎನ್ನುತ್ತಾರೆ. ನನಗೆ ಹೊಡೆಯಲು ಮನಸ್ಸಿಲ್ಲ, ಬೇರೆ ದಾರಿಯೂ ಕಾಣುತ್ತಿಲ್ಲ. ಏನು ಮಾಡಲಿ?

ಉತ್ತರ: ಕೋಲು ಹಿಡಿಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಮುಂದೆ ಬರುತ್ತವೆ. ‘ಹೊಡೆಯಬಾರದು’ ಎಂಬ ಮಾತನ್ನು ನೀವು ತರಬೇತಿಗಳಲ್ಲಿ ಬೇಕಾದಷ್ಟು ಕೇಳಿರುತ್ತೀರಿ. ಹೊಡೆಯದೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಕುಳಿತು ಬಿಡಿಸಿ ಹೇಳಿರುವುದಿಲ್ಲ.

ಒಂದು ಕೋಣೆಯಲ್ಲಿ 58 ಮಕ್ಕಳಿರುವುದು ನಿಮ್ಮ ಕೊರತೆಯಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ಕಲ್ಯಾಣ ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಈ ಲೆಕ್ಕ ಕಾಗದದ ಮೇಲೆಯೇ ಉಳಿದಿದೆ, ಅತಿಥಿ ಶಿಕ್ಷಕರನ್ನು ನಂಬಿಯೇ ಶಾಲೆ ನಡೆಯುತ್ತಿದೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಸಂಖ್ಯೆಯನ್ನು ನಡಾವಳಿಯಲ್ಲಿ ಬರೆಸಿ, ಮುಖ್ಯಗುರುಗಳ ಸಹಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳುಹಿಸಿ. ಉತ್ತರ ತಡವಾಗಬಹುದು, ಆದರೆ ಬರೆಯದೆ ಬಿಟ್ಟರೆ ಕೇಳುವವರೇ ಇರುವುದಿಲ್ಲ. ಅಲ್ಲಿಯವರೆಗೆ ಈ 58 ಮಕ್ಕಳೊಂದಿಗೆ ಏನು ಮಾಡಬಹುದು ಎಂದು ನೋಡೋಣ.

ಮೊದಲ ವಾರ ಗದ್ದಲ ಯಾವಾಗ ಏಳುತ್ತದೆ ಎಂದು ಬರೆದುಕೊಳ್ಳಿ. ಪಾಠಯೋಜನೆಯ ಪುಸ್ತಕದ ಕೊನೆಯ ಹಾಳೆ ಸಾಕು. ಎಷ್ಟು ಹೊತ್ತಿಗೆ ಎದ್ದಿತು, ಆಗ ನೀವು ಏನು ಮಾಡುತ್ತಿದ್ದಿರಿ, ಮಕ್ಕಳ ಕೈಯಲ್ಲಿ ಏನು ಕೆಲಸವಿತ್ತು ಎಂಬಷ್ಟೇ ಇರಲಿ. ಯಾರು ಶುರು ಮಾಡಿದರು ಎಂದು ಬರೆಯುವ ಅಗತ್ಯವಿಲ್ಲ, ಆ ಹೆಸರುಗಳು ನಿಮಗೆ ಬಾಯಿಪಾಠವಾಗಿರುತ್ತವೆ. ರಾಯಚೂರು, ಯಾದಗಿರಿ ಕಡೆಯ ಶಾಲೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದಾಗಲೆಲ್ಲ ನನಗೆ ಕಂಡ ಹೊತ್ತುಗಳು ಹೆಚ್ಚುಕಡಿಮೆ ಇವೇ: ಶಿಕ್ಷಕರು ಹಾಜರಿ ಕೂಗುವಾಗ, ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಉದ್ದಕ್ಕೆ ಬರೆಯುವಾಗ, ಬೇಗ ಬರೆದು ಮುಗಿಸಿದ ಹತ್ತು ಮಕ್ಕಳು ಸುಮ್ಮನೆ ಕುಳಿತಿರುವಾಗ, ಮೊಟ್ಟೆಯ ಲೆಕ್ಕಕ್ಕೋ ಎಸ್‌ಎಟಿಎಸ್ (ವಿದ್ಯಾರ್ಥಿಗಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ಮಾಹಿತಿಗೋ ಶಿಕ್ಷಕರನ್ನು ಹೊರಗೆ ಕರೆದಾಗ, ಬಿಸಿಯೂಟ ಮುಗಿದ ಮೇಲಿನ ಮೊದಲ ಅವಧಿಯಲ್ಲಿ. ಈ ಎಲ್ಲ ಹೊತ್ತಿನಲ್ಲೂ ಮಕ್ಕಳ ಕೈ ಖಾಲಿಯಾಗಿರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ತರಗತಿಗಳನ್ನು ವಿಡಿಯೊ ಚಿತ್ರೀಕರಿಸಿ ಅಧ್ಯಯನ ಮಾಡಿದರು. 1970ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅವರಿಗೇ ಅನಿರೀಕ್ಷಿತವಾಗಿತ್ತು. ತಪ್ಪು ಮಾಡಿದ ಮಗುವನ್ನು ಶಿಕ್ಷಕರು ಹೇಗೆ ಗದರಿದರು ಎಂಬುದಕ್ಕೂ ತರಗತಿ ಶಾಂತವಾಗಿರುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಇಡೀ ಕೋಣೆಯ ಮೇಲೆ ಕಣ್ಣಿಟ್ಟಿರುವ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ದಾಟುವ, ಒಬ್ಬರಿಗೆ ಪ್ರಶ್ನೆ ಕೇಳುವಾಗಲೂ ಉಳಿದವರನ್ನು ಎಚ್ಚರದಲ್ಲಿಡುವ ಶಿಕ್ಷಕರ ತರಗತಿಗಳಲ್ಲಿ ಗದ್ದಲ ಕಡಿಮೆಯಿತ್ತು. ನಮ್ಮ ಶಾಲೆಗಳಿಗೂ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ನಿಮ್ಮ ಕೋಣೆಯಲ್ಲಿ ಇದನ್ನು ಹೀಗೆ ಮಾಡಬಹುದು. ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಮೂರು ಸಣ್ಣ ಪ್ರಶ್ನೆಗಳಿರಲಿ, ಕುಳಿತ ತಕ್ಷಣ ಅವುಗಳನ್ನು ಮಾಡುವುದು ದಿನದ ಪದ್ಧತಿಯಾಗಲಿ. ಅಷ್ಟರಲ್ಲಿ ನೀವು ಸಾಲುಗಳ ನಡುವೆ ಓಡಾಡುತ್ತಾ ಬಾಯಿ ತೆರೆಯದೆ ಹಾಜರಿ ಹಾಕಿ. ನೋಟ್‌ಬುಕ್ ಹಂಚುವುದು, ಗುಂಪಾಗಿ ಕೂರುವುದು, ನೀರಿಗೆ ಹೋಗಿ ಬರುವುದು, ಇವುಗಳನ್ನು ಪಾಠದಂತೆಯೇ ಕಲಿಸಿ. ಒಂದು ಅವಧಿಯನ್ನು ಪೂರ್ತಿ ಇದಕ್ಕೇ ಕೊಟ್ಟು, ತಪ್ಪಾದರೆ ಮತ್ತೆ ಮಾಡಿಸಿದರೂ ನಷ್ಟವಿಲ್ಲ. ಬೇಗ ಮುಗಿಸಿದವರು ನಿಮ್ಮನ್ನು ಕೇಳದೆಯೇ ಏನು ಮಾಡಬೇಕು ಎಂಬುದು ಗೊತ್ತಿರಲಿ. ಮುಖ್ಯಗುರುಗಳ ಬೀರುವಿನಲ್ಲಿ ಬೀಗ ಹಾಕಿಕೊಂಡಿರುವ ಗ್ರಂಥಾಲಯದ ಪುಸ್ತಕಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತರಗತಿಯ ಮೂಲೆಗೆ ತನ್ನಿ. ಹರಿದರೆ ಹರಿಯಲಿ, ಬೀರುವಿನಲ್ಲಿ ಗೆದ್ದಲು ತಿನ್ನುವುದಕ್ಕಿಂತ ಮಕ್ಕಳ ಕೈಯಲ್ಲಿ ಹರಿಯುವುದು ಮೇಲು. ಬೋರ್ಡಿನ ಮೇಲೆ ಬರೆಯುವುದನ್ನು ನಾಲ್ಕು ಸಾಲಿಗೆ ಇಳಿಸಿ.

ಇಷ್ಟಕ್ಕೇ ಗದ್ದಲ ಗಣನೀಯವಾಗಿ ಇಳಿಯುತ್ತದೆ. ಆದರೆ ನೀವು ಹೇಳಿದ ಆ ನಾಲ್ಕೈದು ಹುಡುಗರು ಇದರಿಂದ ಬದಲಾಗುವುದಿಲ್ಲ. ಅವರ ವಿಷಯ ಬೇರೆ.

ಸಮಾಜ ವಿಜ್ಞಾನದ ಪಾಠವನ್ನು ಸರದಿಯಂತೆ ಗಟ್ಟಿಯಾಗಿ ಓದಿಸುತ್ತಿದ್ದೀರಿ ಎನ್ನಿ. ಓದು ಬಾರದ ಹುಡುಗ ಮೊದಲ ಮಗು ಎದ್ದು ನಿಂತ ಕ್ಷಣದಿಂದಲೇ ತಲೆ ಎಣಿಸುತ್ತಿರುತ್ತಾನೆ. ತನ್ನ ಸರದಿಗೆ ಇನ್ನೂ ಮೂವರು ಬಾಕಿ ಇರುವಾಗ ಅವನ ಪೆನ್ಸಿಲ್ ಕೆಳಗೆ ಬೀಳುತ್ತದೆ. ಅದನ್ನು ಹುಡುಕಲು ಡೆಸ್ಕಿನ ಕೆಳಗೆ ಇಳಿಯುತ್ತಾನೆ. ಇಬ್ಬರು ಬಾಕಿ ಇರುವಾಗ ಪಕ್ಕದವನ ಬೆನ್ನಿಗೆ ಒಂದು ಗುದ್ದು ಬೀಳುತ್ತದೆ. ಪಕ್ಕದವನು ‘ಟೀಚರ್’ ಎಂದು ಕೂಗುತ್ತಾನೆ. ಓದು ನಿಲ್ಲುತ್ತದೆ. ನೀವು ಗದರುತ್ತೀರಿ, ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತೀರಿ. ಅವನಿಗೆ ಬೇಕಾಗಿದ್ದೂ ಅದೇ. ಎಲ್ಲರ ಎದುರು ಒಂದೊಂದೇ ಅಕ್ಷರ ಕೂಡಿಸಲಾಗದೆ ನಿಲ್ಲುವ ಅವಮಾನ ತಪ್ಪಿತು. ಹನ್ನೆರಡು ವರ್ಷದ ಹುಡುಗನಿಗೆ ದಡ್ಡ ಎನಿಸಿಕೊಳ್ಳುವುದಕ್ಕಿಂತ ಪುಂಡ ಎನಿಸಿಕೊಳ್ಳುವುದರಲ್ಲಿ ಮರ್ಯಾದೆ ಇದೆ. ನಿಮ್ಮ ಟಿಪ್ಪಣಿಯಲ್ಲಿ ಈ ಹುಡುಗರು ಜಗಳ ತೆಗೆದ ಹೊತ್ತುಗಳನ್ನು ನೋಡಿ. ಓದುವ ಸರದಿ, ಡಿಕ್ಟೇಶನ್, ಬೋರ್ಡಿಗೆ ಕರೆದು ಲೆಕ್ಕ ಮಾಡಿಸುವುದು, ಇವುಗಳ ಸುತ್ತಮುತ್ತವೇ ಜಗಳಗಳು ಸೇರಿಕೊಂಡಿರುವ ಸಾಧ್ಯತೆ ಬಹಳ ಹೆಚ್ಚು.

ಆದ್ದರಿಂದ ಸರದಿಯಂತೆ ಗಟ್ಟಿಯಾಗಿ ಓದಿಸುವುದನ್ನು ನಾಳೆಯಿಂದಲೇ ನಿಲ್ಲಿಸಿ. ನಂತರ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕರೆದು, ಬೇರೆಯವರ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿ ಓದಿಸಿ. ಗ್ರಾಮೀಣ ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯವರು ಬಳಸುವ ಕ್ರಮ ಇದಕ್ಕೆ ಸಾಕು: ಬಿಡಿ ಅಕ್ಷರಗಳು, ಬಿಡಿ ಪದಗಳು, ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿ ಮಟ್ಟದ ಸಣ್ಣ ಕಥೆ. ಆರನೆಯ ತರಗತಿಯಲ್ಲೂ ಕಥೆಯವರೆಗೆ ತಲುಪದ ಮಕ್ಕಳು ನಿಮಗೆ ಸಿಗುತ್ತಾರೆ. ಗಾಬರಿಯಾಗಬೇಡಿ, ಹಿಂದಿನ ಶಿಕ್ಷಕರನ್ನು ದೂರಲೂ ಬೇಡಿ. ಈ ಮಕ್ಕಳು ಎಲ್ಲಿ ನಿಂತಿದ್ದಾರೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಮೂರನೆಯ ತರಗತಿಯವರೆಗೆ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಎರಡು ತಿಂಗಳು ಗುಳೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲು ಅಲ್ಲಿ ಅವಕಾಶವಿದೆ. ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲರ ಕೈಗೂ ಒಂದೇ ಪಠ್ಯಪುಸ್ತಕ ಬರುತ್ತದೆ. ಏಣಿ ಪೂರ್ತಿ ಹತ್ತದ ಮಗು ಅಲ್ಲಿಂದ ಮುಂದೆ ಪ್ರತಿ ವರ್ಷವೂ ಇನ್ನಷ್ಟು ಹಿಂದೆ ಬೀಳುತ್ತದೆ.

ಕನ್ನಡ ಓದಿನಲ್ಲಿ ಹೆಚ್ಚಿನ ಮಕ್ಕಳು ಎಡವುವ ಜಾಗವೂ ಗೊತ್ತಿರುವುದೇ. ಅಕ್ಷರ ಬರುತ್ತದೆ, ಕಾಗುಣಿತ ಅರೆಬರೆ, ಒತ್ತಕ್ಷರ ಬಂದಾಗ ಬಂಡಿ ನಿಲ್ಲುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ವ್ಯವಸ್ಥೆ’ ಎಂಬಂಥ ಪದಗಳು ಸಮಾಜ ವಿಜ್ಞಾನದ ಪುಟಪುಟದಲ್ಲೂ ಇರುತ್ತವೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಮಾತನಾಡುವ ಮಗುವಿಗೆ ಇದು ಇನ್ನೂ ಕಷ್ಟ. ನಿಮ್ಮ ಹಾಸನದ ಮಾತು ಮೊದಲ ತಿಂಗಳು ಅವರಿಗೆ ಅರ್ಥವೇ ಆಗದಿರುವುದೂ ಸಹಜ. ಅವರು ನಕ್ಕರೆ ನೀವೂ ನಕ್ಕು, ಅವರ ಮಾತು ಕಲಿತುಕೊಳ್ಳಿ.

ದಿನಕ್ಕೆ ಒಂದು ಗಂಟೆ ಓದಿಗೆಂದೇ ಇಡಿ. ಆ ಗಂಟೆಯಲ್ಲಿ ಮಕ್ಕಳು ಮಟ್ಟಕ್ಕೆ ತಕ್ಕಂತೆ ಗುಂಪುಗಳಲ್ಲಿ ಕೂರಲಿ. ನಾಲ್ಕು, ಐದನೆಯ ತರಗತಿಗಳಿಗೆ ‘ಓದು ಕರ್ನಾಟಕ’ ಕಾರ್ಯಕ್ರಮದಲ್ಲಿ ಮಾಡಿದ್ದೂ ಇದನ್ನೇ, ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರನ್ನು ಕೇಳಿದರೆ ಸಾಮಗ್ರಿ ಸಿಗಬಹುದು. ಒಂದು ಎಚ್ಚರಿಕೆ: ಆರನೆಯ ತರಗತಿಯ ಹುಡುಗನ ಕೈಗೆ ಒಂದನೆಯ ತರಗತಿಯ ಬಣ್ಣದ ಕಾರ್ಡು ಕೊಡಬೇಡಿ. ಅವನಿಗೆ ಅದು ಮತ್ತೊಂದು ಅವಮಾನ. ಅಷ್ಟೇ ಸರಳವಾದ, ಆದರೆ ಅವನ ಬದುಕಿನ ಪಠ್ಯ ಕೊಡಿ. ಸರ್ಕಾರಿ ಬಸ್ಸಿನ ಬೋರ್ಡುಗಳು, ಗೊಬ್ಬರದ ಚೀಲದ ಮೇಲಿನ ಬರಹ, ಅವನೇ ಹೇಳಿದ ನಾಲ್ಕು ಮಾತನ್ನು ನೀವು ಬರೆದುಕೊಟ್ಟ ಹಾಳೆ. ಲೆಕ್ಕದಲ್ಲಿ ಇದು ಇನ್ನೂ ಸುಲಭ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಕಿಲೋಗೆ ಹತ್ತು ರೂಪಾಯಿಯಂತೆ 27 ಕಿಲೋಗೆ ಎಷ್ಟು, ಅದರಲ್ಲಿ ಟಂಟಂ (ಕೂಲಿಯವರನ್ನು ಒಯ್ಯುವ ಆಟೊ) ಬಾಡಿಗೆ ಮುರಿದರೆ ಎಷ್ಟು ಉಳಿಯಿತು ಎಂದು ಕೇಳಿ ನೋಡಿ. ಬೋರ್ಡಿನ ಮುಂದೆ ಬಾಯಿ ಬಿಡದ ಹುಡುಗ ತರಗತಿಯ ಬುದ್ಧಿವಂತನಿಗಿಂತ ಮೊದಲು ಉತ್ತರ ಹೇಳುತ್ತಾನೆ. ಅದೇ ಲೆಕ್ಕವನ್ನು ಆಮೇಲೆ ಗುಣಾಕಾರವಾಗಿ ಬರೆಸುವುದು ನಿಮ್ಮ ಕೆಲಸ.

ಈಗ ಕೋಲಿನ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೈಗುಳ, ಜಾತಿ ಎತ್ತಿ ಆಡುವುದು, ‘ನೀನು ಕತ್ತೆ ಕಾಯಲಿಕ್ಕೇ ಲಾಯಕ್ಕು’ ಎನ್ನುವುದು, ಇವೆಲ್ಲ ಈ ಮಾನಸಿಕ ಹಿಂಸೆಯೇ. ಆದರೆ ಕಾನೂನಿನ ಭಯಕ್ಕೆ ಮಾತ್ರ ಕೋಲು ಬಿಟ್ಟವರು ಬಾಯಿಂದ ಹೊಡೆಯಲು ಶುರು ಮಾಡುತ್ತಾರೆ. ಕೋಲಿನ ಗುಣ ಅರ್ಥವಾಗಬೇಕು. ಒಂದು ಏಟಿಗೆ ಕೋಣೆ ತಕ್ಷಣ ಮೌನವಾಗುತ್ತದೆ. ಆ ಮೌನದಿಂದ ಶಿಕ್ಷಕರಿಗೆ ನೆಮ್ಮದಿ ಸಿಗುತ್ತದೆ, ಆದ್ದರಿಂದ ನಾಳೆಯೂ ಕೈ ಕೋಲಿನ ಕಡೆಗೇ ಹೋಗುತ್ತದೆ. ಮಗುವಿಗೆ ಓದು ಬಾರದ ಕಷ್ಟ ಹಾಗೆಯೇ ಇರುತ್ತದೆ, ಅದಕ್ಕೆ ಏಟಿನ ನೋವು ಸೇರಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಒಂದು ಏಟಿಗೆ ಸಿಗುತ್ತಿದ್ದ ಮೌನಕ್ಕೆ ಮೂರು ಬೇಕಾಗುತ್ತದೆ.

ನಿಮ್ಮ ಊರಿನಲ್ಲಿ ಇದಕ್ಕೊಂದು ವಿಶೇಷ ಬೆಲೆಯೂ ಇದೆ. ನಗರದ ಖಾಸಗಿ ಶಾಲೆಯ ಮಗು ಏಟು ತಿಂದರೂ ಮರುದಿನ ಶಾಲೆಗೆ ಬರಲೇಬೇಕು, ಬೇರೆ ಗತಿಯಿಲ್ಲ. ನಿಮ್ಮ ಹುಡುಗನಿಗೆ ಗತಿಯಿದೆ. ಹಂಗಾಮಿನಲ್ಲಿ ಬೆಳಗ್ಗೆ ಊರಬಾಗಿಲಲ್ಲಿ ಟಂಟಂ ನಿಂತಿರುತ್ತದೆ, ಹತ್ತಿ ಹೊಲಕ್ಕೋ ಮೆಣಸಿನಕಾಯಿ ಹೊಲಕ್ಕೋ ಹೋಗಲು ಅವನಿಗೊಂದು ಜಾಗ ಅದರಲ್ಲಿ ಸದಾ ಇರುತ್ತದೆ. ಅಲ್ಲಿ ಯಾರೂ ಓದಿಸುವುದಿಲ್ಲ, ಸಂಜೆ ಕೈಗೆ ದುಡ್ಡು ಬರುತ್ತದೆ, ಮನೆಯಲ್ಲಿ ಶಾಭಾಸ್ ಎನ್ನುತ್ತಾರೆ. ಶಾಲೆ ಅವನನ್ನು ನೋಯಿಸಿದ ಪ್ರತಿ ದಿನವೂ ಅವನು ಆ ಟಂಟಂಗೆ ಒಂದು ಹೆಜ್ಜೆ ಹತ್ತಿರವಾಗುತ್ತಾನೆ. ‘ನಾಲ್ಕು ಬಾರಿಸಿ’ ಎನ್ನುವ ಪೋಷಕರಿಗೆ ನೀವು ಹೇಳಬೇಕಾದದ್ದು ಇದನ್ನೇ. ಅವರು ಕ್ರೂರಿಗಳಲ್ಲ. ತಮ್ಮ ಮಗನನ್ನು ನೀವು ಗಂಭೀರವಾಗಿ ತೆಗೆದುಕೊಳ್ಳಲಿ ಎಂಬುದನ್ನು ತಮಗೆ ಗೊತ್ತಿರುವ ಮಾತಿನಲ್ಲಿ ಹೇಳುತ್ತಿದ್ದಾರೆ.

ಗುಳೆಯಿಂದ ಮರಳಿದ ಹುಡುಗರ ಬಗ್ಗೆಯೂ ಹೇಳಬೇಕು. ಬೆಂಗಳೂರಿನ ಕಟ್ಟಡದ ಕೆಲಸದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವನು ತಮ್ಮ ತಂಗಿಯರನ್ನು ನೋಡಿಕೊಂಡಿರುತ್ತಾನೆ, ಅಡುಗೆ ಮಾಡಿರುತ್ತಾನೆ, ದೊಡ್ಡವರ ನಡುವೆ ದೊಡ್ಡವನಾಗಿ ಬಾಳಿರುತ್ತಾನೆ. ಅಂಥವನಿಗೆ ‘ಕೈಕಟ್ಟು, ಬಾಯಿಮುಚ್ಚು’ ಎಂದರೆ ಮುಖ ಕೆಂಪಾಗುತ್ತದೆ. ಅವನಿಗೆ ಹೊಣೆ ಕೊಡಿ: ಗ್ರಂಥಾಲಯದ ಪೆಟ್ಟಿಗೆ, ಕ್ರೀಡಾ ಸಾಮಾನು, ಗಂಟೆ ಬಾರಿಸುವುದು, ಹೊಸದಾಗಿ ಬಂದವರನ್ನು ಜತೆಗೆ ಕೂರಿಸಿಕೊಳ್ಳುವುದು.

ಹೊಣೆ ಎಂದಾಗ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಿಮ್ಮ ಶಾಲೆಯಲ್ಲಿ ಕಸ ಗುಡಿಸುವವರು ಯಾರು, ಶೌಚಾಲಯಕ್ಕೆ ನೀರು ಹಾಕುವವರು ಯಾರು, ಕುಡಿಯುವ ನೀರು ತರುವವರು, ಊಟ ಬಡಿಸುವವರು ಯಾರು ಎಂದು ಒಂದು ದಿನ ಗಮನಿಸಿ. ಮೊದಲೆರಡು ಕೆಲಸ ಒಂದು ಓಣಿಯ ಮಕ್ಕಳಿಗೂ ಉಳಿದೆರಡು ಇನ್ನೊಂದು ಓಣಿಯ ಮಕ್ಕಳಿಗೂ ಹೋಗುತ್ತಿದ್ದರೆ ನಿಮ್ಮ ತರಗತಿಯ ಅರ್ಧ ಜಗಳ ಅಲ್ಲಿಂದ ಹುಟ್ಟುತ್ತಿದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಅಷ್ಟು ದೊಡ್ಡದಾಗಿ ಸುದ್ದಿಯಾಗದ ಚಿಕ್ಕ ಚಿಕ್ಕ ಅನ್ಯಾಯಗಳು ದಿನವೂ ನಡೆಯುತ್ತವೆ, ಮಕ್ಕಳಿಗೆ ಅವೆಲ್ಲ ಲೆಕ್ಕವಿರುತ್ತವೆ. ಶೌಚಾಲಯ ತೊಳೆಯುವುದು ಯಾವ ಮಗುವಿನ ಕೆಲಸವೂ ಅಲ್ಲ. ಉಳಿದ ಕೆಲಸಗಳ ಸರದಿಯನ್ನು ಹಾಜರಿ ಕ್ರಮದಲ್ಲಿ ಬರೆದು ಗೋಡೆಗೆ ಅಂಟಿಸಿ, ಹುಡುಗರೂ ಹುಡುಗಿಯರೂ ಸಮನಾಗಿ ಬರಲಿ. ಕೂರುವ ಜಾಗವನ್ನೂ ತಿಂಗಳಿಗೊಮ್ಮೆ ಬದಲಿಸಿ. ಊರಿನಲ್ಲಿ ಒಂದಿಬ್ಬರು ತಕರಾರು ತೆಗೆಯಬಹುದು. ಆಗ ನೀವು ಒಬ್ಬರೇ ನಿಲ್ಲಬೇಡಿ, ಮುಖ್ಯಗುರುಗಳನ್ನೂ ಎಸ್‌ಡಿಎಂಸಿ ಅಧ್ಯಕ್ಷರನ್ನೂ ಮೊದಲೇ ಜತೆಗೆ ಸೇರಿಸಿಕೊಂಡಿರಿ.

ಕೊನೆಗೆ, ಹೊಡೆಯುವ ಮತ್ತು ಮಲಗುವ ಆ ಹುಡುಗ. ಅವನು ಕೈಯೆತ್ತಿದಾಗ ಮೊದಲು ಇಬ್ಬರನ್ನೂ ದೂರ ಕೂರಿಸಿ, ಪಾಠ ಮುಂದುವರಿಸಿ. ಎಲ್ಲರೆದುರು ವಿಚಾರಣೆ ಬೇಡ. 57 ಜನ ನೋಡುತ್ತಿರುವಾಗ ಯಾವ ಹುಡುಗನೂ ತಪ್ಪು ಒಪ್ಪಿಕೊಳ್ಳುವುದಿಲ್ಲ. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಏನಾಯಿತು, ಯಾರಿಗೆ ನೋವಾಯಿತು, ಅದನ್ನು ಸರಿಪಡಿಸಲು ನೀನು ಏನು ಮಾಡುತ್ತೀಯ ಎಂದು ಕೇಳಿ. ‘ಯಾಕೆ ಹೊಡೆದೆ’ ಎಂದು ಕೇಳಬೇಡಿ, ಅದಕ್ಕೆ ಅವನ ಬಳಿ ಉತ್ತರವಿರುವುದಿಲ್ಲ. ಹೊಡೆತ ತಿಂದವನನ್ನೂ ಮರೆಯಬೇಡಿ, ಅವನಿಗೂ ನ್ಯಾಯ ಸಿಕ್ಕಿತು ಎನ್ನಿಸಬೇಕು.

ಮಲಗುವುದನ್ನು ಉಡಾಫೆ ಎಂದುಕೊಳ್ಳುವ ಮೊದಲು ಬೆಳಗ್ಗೆ ಏನು ತಿಂದು ಬಂದ ಎಂದು ವಿಚಾರಿಸಿ. ತಾಯಿ ನಸುಕಿಗೇ ಕೂಲಿಗೆ ಹೋಗುವ ಮನೆಗಳಲ್ಲಿ ಶಾಲೆಯ ಹಾಲೇ ಮಗುವಿನ ಮೊದಲ ಆಹಾರ. ರಾತ್ರಿ ಅವನು ಎಲ್ಲಿ ಮಲಗುತ್ತಾನೆ, ಮನೆಯಲ್ಲಿ ಕುಡಿದು ಗಲಾಟೆ ಮಾಡುವವರಿದ್ದಾರೆಯೇ ಎಂಬುದು ಮನೆಗೆ ಹೋದರೆ ಹೇಳದೆಯೇ ತಿಳಿಯುತ್ತದೆ. ಕೂಲಿಯಿಂದ ಮರಳಿ, ಕೈಕಾಲು ತೊಳೆದು ಕುಳಿತ ಹೊತ್ತಿಗೆ ಹೋಗಿ. ಮಗನ ಒಂದು ಒಳ್ಳೆಯ ಕೆಲಸದ ಸುದ್ದಿಯೊಂದಿಗೆ ಮಾತು ಶುರು ಮಾಡಿ. ಶಾಲೆಯಿಂದ ಯಾರಾದರೂ ಬಂದರೆ ದೂರು ತಂದಿರುತ್ತಾರೆ ಎಂದೇ ಆ ಮನೆಯವರಿಗೆ ಗೊತ್ತಿರುವುದು. ತಂದೆತಾಯಿ ಪುಣೆಯಲ್ಲಿದ್ದು ಅಜ್ಜಿಯೊಬ್ಬಳೇ ಇದ್ದರೆ ತಾಯಿಯ ಮೊಬೈಲಿಗೆ ಧ್ವನಿ ಸಂದೇಶ ಕಳುಹಿಸಿ, ಹುಡುಗನಿಂದಲೂ ಎರಡು ಮಾತು ಆಡಿಸಿ.

ಕಿವಿ ಮತ್ತು ಕಣ್ಣನ್ನೂ ಪರೀಕ್ಷೆ ಮಾಡಿಸಿ. ಕರೆದರೆ ತಿರುಗದ ಮಗುವಿಗೆ ಕಿವಿ ಸೋರುತ್ತಿರಬಹುದು, ಪಕ್ಕದವನ ಪುಸ್ತಕಕ್ಕೆ ಇಣುಕುವ ಮಗುವಿಗೆ ಬೋರ್ಡು ಕಾಣದಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಇಂಥ ಮಕ್ಕಳ ಹೆಸರನ್ನು ನೀವೇ ಮುಂದಾಗಿ ಕೊಡಿ. ಮೈಮೇಲೆ ಬಾಸುಂಡೆ, ಲೈಂಗಿಕ ದೌರ್ಜನ್ಯದ ಸುಳಿವು, ಹುಡುಗಿಯ ಮದುವೆಯ ಮಾತು, ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಅಲ್ಲಿ ನಿಮ್ಮ ಸಲಹೆ, ಸಮಾಧಾನ ಸಾಲುವುದಿಲ್ಲ.

ಕೆಲಸಕ್ಕೆ ಒಂದು ಗಡುವು ಇಟ್ಟುಕೊಳ್ಳಿ. ದಸರಾ ರಜೆ ಮುಗಿಯುವ ಹೊತ್ತಿಗೆ ಹತ್ತಿ ಬಿಡಿಸುವ ಹಂಗಾಮು ಹತ್ತಿರವಾಗಿರುತ್ತದೆ, ತರಗತಿ ಖಾಲಿಯಾಗತೊಡಗುತ್ತದೆ. ಅದಕ್ಕೂ ಮೊದಲೇ ಓದಿನ ಗುಂಪುಗಳು ಕುಳಿತಿರಲಿ, ಆ ನಾಲ್ಕೈದು ಹುಡುಗರ ಮನೆಗಳಿಗಾದರೂ ನೀವು ಹೋಗಿ ಬಂದಿರಿ. ಗುಳೆ ಹೋಗುವ ಪ್ರತಿ ಮನೆಯವರ ಮೊಬೈಲ್ ನಂಬರ್ ಮತ್ತು ಅವರು ಹೋಗುವ ಊರನ್ನು ಬರೆದಿಟ್ಟುಕೊಳ್ಳಿ. ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗಲು ಯಾವ ಮನೆಯವರು ಒಪ್ಪುತ್ತಾರೆ, ಅವರಿಗೆ ಹತ್ತಿರದ ಹಾಸ್ಟೆಲಿನಲ್ಲಿ ಜಾಗ ಸಿಗುತ್ತದೆಯೇ ಎಂದು ಸಿಆರ್‌ಪಿ ಅವರೊಂದಿಗೆ ಸೆಪ್ಟೆಂಬರ್‌ನಲ್ಲಿಯೇ ಮಾತನಾಡಿ. ನವೆಂಬರ್‌ನಲ್ಲಿ ಕೇಳಿದರೆ ಆ ಮನೆಗಳಿಗೆ ಬೀಗ ಬಿದ್ದಿರುತ್ತದೆ.